ಸೈಡ್ ಕೇಳುವವರು, ಸೈಡ್ ಕೊಡುವವರು

ಹೊಸದಾಗಿ ಕಾರು ಹಿಡಿದ ಅಕ್ಕನ ಮಗಳಿಗೆ, ಬಸ್ಸು ಓಡಿಸಿ ನಿವೃತ್ತನಾದ ಸೋದರಮಾವನ ಕಿವಿಮಾತು

ಲೈಸೆನ್ಸೂ ಬಂತು, ಕಾರೂ ಬಂತು, ಬಹಳ ಸಂತೋಷ ಕಣಮ್ಮ. ಡ್ರೈವಿಂಗ್ ಸ್ಕೂಲಿನವರು ಎಂಟು ಹಾಕಿಸಿ, ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಕ್ಲಚ್ ಹಿಡಿಸಿ, ರಿವರ್ಸ್ ಹೊಡೆಸಿ ಕಳುಹಿಸಿದ್ದಾರೆ. ಓಡುತ್ತಿರುವ ರಸ್ತೆಗೆ ಪಕ್ಕದಿಂದ ಸೇರುವುದು ಹೇಗೆ, ಒಂದು ಲೇನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಹೇಗೆ ಎಂಬುದನ್ನು ಮಾತ್ರ ಅಲ್ಲಿ ಕಲಿಸುವುದು ಕಡಿಮೆ. ಬೆಂಗಳೂರಿನಲ್ಲಿ ಕೆಲಸ, ಮೈಸೂರಿನಲ್ಲಿ ಮನೆ ಇರುವ ನಿನಗೆ ದಿನಾ ಬೇಕಾಗುವುದು ಅದೇ. ಬಸ್ಸಿನ ಎತ್ತರದ ಸೀಟಿನಲ್ಲಿ ಕೂತು ನಾನು ಕಂಡದ್ದನ್ನು, ಕಾನೂನು ಹೇಳುವುದನ್ನು ಸೇರಿಸಿ ಬರೆದಿದ್ದೇನೆ. ಒಂದೇ ಸಲಕ್ಕೆ ಓದಿ ಮುಗಿಸಬೇಕೆಂದಿಲ್ಲ.

• ತನ್ನ ಲೇನಿನಲ್ಲಿ ನೇರ ಹೋಗುತ್ತಿರುವವರದೇ ದಾರಿ. ಲೇನು ಬದಲಿಸುವವರು, ಸರ್ವೀಸ್ ರಸ್ತೆಯಿಂದ ಒಳಗೆ ಬರುವವರು, ಪಕ್ಕದಲ್ಲಿ ನಿಲ್ಲಿಸಿದ್ದ ಗಾಡಿ ತೆಗೆಯುವವರು ಕಾಯಬೇಕು. ನೀನು ಸರಿಯಾಗಿ ಸೇರಿದೆಯೋ ಇಲ್ಲವೋ ಎಂದು ತಿಳಿಯಲು ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ಸೇರಿದ ತಕ್ಷಣ ಒಳಗಿನ ಕನ್ನಡಿ ನೋಡು. ಹಿಂದಿನ ಗಾಡಿಯ ಮೂತಿ ತಟ್ಟನೆ ತಗ್ಗಿತೋ, ಅವನು ಬ್ರೇಕ್ ತುಳಿದಿದ್ದಾನೆ ಎಂದರ್ಥ. ಬ್ರೇಕ್ ಬಿದ್ದ ಗಾಡಿ ಮುಂದಕ್ಕೆ ಬಾಗುತ್ತದೆ. ಅವನು ಹಾರ್ನ್ ಹೊಡೆಯದಿದ್ದರೂ, ಕಿಟಕಿ ಇಳಿಸಿ ಬೈಯದಿದ್ದರೂ ತಪ್ಪು ನಿನ್ನದೇ. ನಿನ್ನಿಂದಾಗಿ ಇನ್ನೊಬ್ಬರು ಬ್ರೇಕ್ ತುಳಿಯಬಾರದು. ಮುಂದೆ ಬರೆದಿರುವುದೆಲ್ಲ ಈ ಒಂದು ಮಾತಿನ ವಿವರಣೆಯೇ.

• ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ 1989ರ ರಸ್ತೆ ನಿಯಮಗಳ ಜಾಗಕ್ಕೆ 2017ರಲ್ಲಿ ಮೋಟಾರು ವಾಹನ ಚಾಲನಾ ನಿಯಮಗಳು ಬಂದವು. ಸಣ್ಣ ರಸ್ತೆಯಿಂದ ಬರುವವರು ಮುಖ್ಯರಸ್ತೆಯವರಿಗೆ ದಾರಿ ಬಿಡಬೇಕು. ಸಿಗ್ನಲ್ಲಾಗಲಿ ಪೊಲೀಸರಾಗಲಿ ಇಲ್ಲದ, ಎರಡೂ ಕಡೆ ಒಂದೇ ತರಹದ ರಸ್ತೆಯಿರುವ ಕೂಡುರಸ್ತೆಯಲ್ಲಿ ನಿನ್ನ ಬಲಗಡೆಯಿಂದ ಬರುವವರಿಗೆ ಮೊದಲು. ಸರ್ಕಲ್ಲಿನಲ್ಲಿ ಆಗಲೇ ಸುತ್ತುತ್ತಿರುವವರಿಗೆ ಮೊದಲು. ಜೀಬ್ರಾ ಪಟ್ಟೆಯ ಮೇಲೆ ನಡೆದು ಹೋಗುವವರಿಗೆ ನಮ್ಮೆಲ್ಲರಿಗಿಂತ ಮೊದಲು. ಬಡಾವಣೆಯ ಕ್ರಾಸುಗಳಲ್ಲಿ "ಬಲಗಡೆಯವರಿಗೆ ಮೊದಲು" ಎಂಬುದು ಗೊತ್ತಿರುವವರು ತೀರಾ ಕಡಿಮೆ. ನಿನಗೆ ಗೊತ್ತಿದೆ ಅಂತ ಎದುರಿನವನಿಗೂ ಗೊತ್ತಿರುತ್ತದೆ ಎಂದುಕೊಳ್ಳಬೇಡ.

• ಮೈಸೂರಿನವಳಿಗೆ ಸರ್ಕಲ್ಲು ಹೊಸದಲ್ಲ. ಆದರೂ ಕಾರಣ ತಿಳಿದಿರಲಿ. ನಾವು ಎಡಗಡೆ ಓಡಿಸುವುದರಿಂದ ಸರ್ಕಲ್ಲನ್ನು ಗಡಿಯಾರದ ಮುಳ್ಳಿನಂತೆ ಸುತ್ತುತ್ತೇವೆ. ಹಾಗಾಗಿ ಒಳಗೆ ಸುತ್ತುತ್ತಿರುವವರು ಯಾವಾಗಲೂ ನಿನ್ನ ಬಲಗಡೆಯಿಂದಲೇ ಬರುತ್ತಾರೆ. ಒಳಗಿನವರು ಹೊರಟುಹೋದರೆ ತಾನೇ ಹೊಸಬರಿಗೆ ಜಾಗ? ಹೊರಗಿನವರು ನುಗ್ಗಿದರೆ ನಾಲ್ಕೂ ಕಡೆಯವರು ಒಬ್ಬರ ಮುಂದೊಬ್ಬರು ಅಡ್ಡ ನಿಂತು, ಪೊಲೀಸರು ಬಂದು ಒಂದೊಂದೇ ಗಾಡಿ ಬಿಡಿಸುವವರೆಗೂ ಗಂಟು ಬಿಚ್ಚುವುದಿಲ್ಲ. ಸರ್ಕಲ್ಲಿನಿಂದ ಹೊರಬೀಳುವಾಗ ಎಡ ಇಂಡಿಕೇಟರ್ ಹಾಕು. ಅಲ್ಲಿ ಕಾಯುತ್ತಿರುವವನು ಅದನ್ನು ನೋಡಿಯೇ ಮುಂದೆ ಬರುವುದು.

• ಲೇನು ಬದಲಿಸುವುದಕ್ಕೆ ಒಂದು ಕ್ರಮ ಇದೆ. ಒಳಗಿನ ಕನ್ನಡಿ, ಪಕ್ಕದ ಕನ್ನಡಿ, ಇಂಡಿಕೇಟರ್, ಒಮ್ಮೆ ಕತ್ತು ತಿರುಗಿಸಿ ಭುಜದ ಮೇಲಿಂದ ನೋಟ, ಆಮೇಲೆ ಸ್ಟಿಯರಿಂಗ್. ನಮ್ಮವರಲ್ಲಿ ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ: ಮೊದಲು ಸ್ಟಿಯರಿಂಗ್, ಆಮೇಲೆ ನೆನಪಾದರೆ ಇಂಡಿಕೇಟರ್. ನಾಲ್ಕೈದು ಸಲ ಮಿನುಗಿದ ಮೇಲೆ ಹೊರಳು. ಇಂಡಿಕೇಟರ್ ಹಾಕಿದ ಮಾತ್ರಕ್ಕೆ ಜಾಗ ನಿನ್ನದಾಗುವುದಿಲ್ಲ, ಕೇಳಿದಂತಾಗುತ್ತದೆ ಅಷ್ಟೆ. ಹಿಂದಿನವನು ಸ್ಪೀಡ್ ಇಳಿಸಿದನೋ ಏರಿಸಿದನೋ ನೋಡಿ ಉತ್ತರ ತಿಳಿದುಕೋ. ಕೆಲವರು ಇಂಡಿಕೇಟರ್ ಕಂಡೊಡನೆ ಬೇಕೆಂದೇ ಆಕ್ಸಿಲರೇಟರ್ ಒತ್ತುತ್ತಾರೆ. ಒತ್ತಲಿ ಬಿಡು, ಅವರ ಹಿಂದೆ ಇನ್ನೊಬ್ಬ ಬರುತ್ತಾನೆ.

• ಕತ್ತು ತಿರುಗಿಸಿ ನೋಡುವುದನ್ನು ಯಾವತ್ತೂ ಬಿಡಬೇಡ. ಹಿಂದಿನ ಬಾಗಿಲಿನ ಹತ್ತಿರ ಸ್ವಲ್ಪ ಜಾಗ ಯಾವ ಕನ್ನಡಿಗೂ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಸ್ಕೂಟರಿನವರು ಹೆಚ್ಚಾಗಿ ಓಡಾಡುವುದು ಅಲ್ಲೇ.

• ಒಂದು ಸಲಕ್ಕೆ ಒಂದೇ ಲೇನು. ಎಡದ ಕೊನೆಯಿಂದ ಬಲದ ಕೊನೆಗೆ ಓರೆಯಾಗಿ ಎಳೆಯುವುದು ಬೇಡ. ಬಿಳಿ ಗೆರೆ ತುಂಡು ತುಂಡಾಗಿದ್ದರೆ ದಾಟಬಹುದು. ಅಖಂಡವಾಗಿದ್ದರೆ ನಿನ್ನ ಲೇನಿನಲ್ಲೇ ಇರು.

• ಇನ್ನು ನಿನ್ನ ವಾರದ ದಾರಿಯ ವಿಚಾರ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಮಧ್ಯೆ ಆರು ಲೇನು, ಅಕ್ಕಪಕ್ಕದಲ್ಲಿ ಎರಡೆರಡು ಲೇನಿನ ಸರ್ವೀಸ್ ರಸ್ತೆ. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮಧ್ಯದ ರಸ್ತೆಯಲ್ಲಿ ಪ್ರವೇಶವಿಲ್ಲ. ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಈ ರಸ್ತೆಗೆ ಸರ್ವೀಸ್ ರಸ್ತೆಯಿಂದ ಸೇರುವ ಕಡೆಗಳಲ್ಲಿ ನಾನು ಕಂಡ ದೊಡ್ಡ ತಪ್ಪು ಯಾವುದು ಗೊತ್ತೇ? ನುಗ್ಗುವುದಲ್ಲ, ಹೆದರಿ ತೆವಳುವುದು. 40ರಲ್ಲಿ ಮೆಲ್ಲಗೆ ಒಳಗೆ ಬರುತ್ತಾರೆ, ಹಿಂದಿನಿಂದ 100ರಲ್ಲಿ ಬರುವವನಿರುತ್ತಾನೆ. ಇಬ್ಬರ ನಡುವಿನ ವ್ಯತ್ಯಾಸ 60. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್ ಅಂತರ ಕರಗುತ್ತದೆ. ಕನ್ನಡಿಯಲ್ಲಿ 100 ಮೀಟರ್ ದೂರ ಕಂಡ ಕಾರು ಆರು ಸೆಕೆಂಡಿನಲ್ಲಿ ನಿನ್ನ ಡಿಕ್ಕಿಗೆ ಬಂದಿರುತ್ತದೆ.

ಆದ್ದರಿಂದ ಸೇರುವ ದಾರಿ ಎಷ್ಟು ಉದ್ದ ಇದೆಯೋ ಅಷ್ಟನ್ನೂ ಸ್ಪೀಡ್ ಕೂಡಿಸಿಕೊಳ್ಳಲು ಬಳಸು. ಒಳಗಿನವರ ವೇಗಕ್ಕೆ ಸಮ ಮಾಡಿಕೊಂಡು, ಎರಡು ಗಾಡಿಗಳ ನಡುವಿನ ಒಂದು ಜಾಗವನ್ನು ದೂರದಿಂದಲೇ ಆರಿಸಿಕೊಂಡು, ಅದರೊಳಕ್ಕೆ ಜಾರು. ಜಾಗ ಸಿಗದು ಅನ್ನಿಸಿದರೆ ಮೊದಲೇ ನಿಧಾನ ಮಾಡು. ತುದಿಗೆ ಹೋಗಿ ನಿಂತುಬಿಟ್ಟರೆ ಸೊನ್ನೆಯಿಂದ ಮತ್ತೆ ಏರಬೇಕು, ಅದು ಎಲ್ಲಕ್ಕಿಂತ ಕಷ್ಟ. ಸೇರಿದ ಮೇಲೆ ಸ್ವಲ್ಪ ಹೊತ್ತು ಎಡ ಲೇನಿನಲ್ಲೇ ಇದ್ದು ರಸ್ತೆಯ ಹದ ತಿಳಿದುಕೋ. ಕೂಡಲೇ ಬಲ ತುದಿಗೆ ಹಾರುವ ಆತುರ ಯಾಕೆ?

• ಈಗ ಇದೇ ಜಾಗವನ್ನು ಒಳಗಿನವಳಾಗಿ ನೋಡು. ನೀನು ಎಡ ಲೇನಿನಲ್ಲಿ ಹೋಗುತ್ತಿದ್ದೀಯ, ಸೇರುವ ದಾರಿಯಲ್ಲಿ ಒಂದು ಕಾರು ಬರುತ್ತಿದೆ. ದಾರಿ ನಿನ್ನದೇ, ಅನುಮಾನವಿಲ್ಲ. ಆದರೂ ಮಧ್ಯದ ಲೇನು ಖಾಲಿ ಇದ್ದರೆ ಮೊದಲೇ ಅಲ್ಲಿಗೆ ಸರಿದುಬಿಡು. ಅದಕ್ಕೆ ಆಗದಿದ್ದರೆ ಆಕ್ಸಿಲರೇಟರಿನಿಂದ ಕಾಲು ತುಸು ಎತ್ತು, ಅಷ್ಟು ಸಾಕು. ಬ್ರೇಕ್ ತುಳಿದು ನಿಂತು, ಕೈ ಬೀಸಿ "ಬನ್ನಿ ಬನ್ನಿ" ಅಂತ ಕರೆಯಬೇಡ.

ಇದನ್ನು ಒತ್ತಿ ಹೇಳುತ್ತೇನೆ ಮಗಳೇ, ಯಾಕೆಂದರೆ ನಿನ್ನದು ದಾಕ್ಷಿಣ್ಯದ ಸ್ವಭಾವ, ನಿನ್ನಮ್ಮನ ಹಾಗೆ. ಓಡುವ ರಸ್ತೆಯಲ್ಲಿ ದಾಕ್ಷಿಣ್ಯ ನುಗ್ಗಾಟದಷ್ಟೇ ಅಪಾಯ. ನೀನು ಮುಂದಿನವನ ಮೇಲೆ ಕರುಣೆ ತೋರಿ ನಿಲ್ಲಿಸಿದೆ. ನಿನ್ನ ಹಿಂದೆ ಬರುವ ಲಾರಿಯವನಿಗೆ ಆ ಕರುಣೆ ಕಾಣುವುದಿಲ್ಲ, ಕೆಂಪು ಲೈಟು ಮಾತ್ರ ಕಾಣುತ್ತದೆ. ಊರಿನೊಳಗೂ ಅಷ್ಟೆ. ರಸ್ತೆ ದಾಟಲು ನಿಂತ ಸ್ಕೂಟರಿನವಳಿಗೆ ನೀನು ನಿಂತು ಸನ್ನೆ ಮಾಡಿದರೆ ಅವಳು ನಿನ್ನನ್ನು ನಂಬಿ ಮುಂದೆ ಬರುತ್ತಾಳೆ, ಪಕ್ಕದ ಲೇನಿನಲ್ಲಿ ಬರುವ ಬಸ್ಸು ನಿನ್ನ ಕಾರಿನ ಮರೆಯಲ್ಲಿ ಅವಳಿಗೆ ಕಾಣುವುದಿಲ್ಲ. ನಿನಗೆ ಹಕ್ಕಿದ್ದಾಗ ಹೋಗು, ಇಲ್ಲದಾಗ ನಿಲ್ಲು. ನೀನು ಮುಂದೆ ಏನು ಮಾಡುತ್ತೀಯ ಎಂಬುದು ನಾಲ್ಕು ಜನಕ್ಕೆ ಮೊದಲೇ ತಿಳಿದರೆ ಅದೇ ದೊಡ್ಡ ಮರ್ಯಾದೆ.

• ಜೀಬ್ರಾ ಪಟ್ಟೆಯಲ್ಲಿ ಕಾಯುವ ಜನರಿಗೆ ನಿಲ್ಲುವುದು ಬೇರೆ ಮಾತು, ಅದು ಅವರ ಹಕ್ಕು. ಆದರೆ ಅಲ್ಲಿಯೂ ದೂರದಿಂದಲೇ ವೇಗ ಇಳಿಸುತ್ತಾ ಬಾ, ಹಿಂದಿನವರಿಗೆ ಸೂಚನೆ ಸಿಗಲಿ.

• ಮೆಟ್ರೊ ಕಾಮಗಾರಿ, ಪೈಪ್‌ಲೈನ್, ಬ್ಯಾರಿಕೇಡು ಅಂತ ಬೆಂಗಳೂರಿನಲ್ಲಿ ಎರಡು ಲೇನು ಒಂದಾಗುವ ಜಾಗಗಳಿಗೆ ಲೆಕ್ಕವಿಲ್ಲ. ಅಂಥ ಕಡೆ ಒಂದು ಕಡೆಯಿಂದ ಒಂದು, ಇನ್ನೊಂದು ಕಡೆಯಿಂದ ಒಂದು ಹೋಗುವುದು ಉತ್ತಮ, ಪ್ಯಾಂಟಿನ ಜಿಪ್ಪಿನ ಹಲ್ಲುಗಳ ಹಾಗೆ. ಜರ್ಮನಿಯಲ್ಲಿ ಇದು ಬರೀ ಒಳ್ಳೆಯತನವಲ್ಲ, ಸಂಚಾರ ಕಾನೂನಿನಲ್ಲೇ ಬರೆದಿದೆ: ಮುಚ್ಚುವ ಲೇನಿನವರು ಅಡಚಣೆಯ ಹತ್ತಿರದವರೆಗೂ ಬರಬೇಕು, ಅಲ್ಲಿ ಒಬ್ಬರಾದ ಮೇಲೊಬ್ಬರು ಸೇರಬೇಕು. ನಾವು ಅರ್ಧ ಕಿಲೋಮೀಟರ್ ಹಿಂದೆಯೇ ಹೆದರಿ ಒಂದೇ ಸಾಲಾಗಿ ನಿಲ್ಲುತ್ತೇವೆ. ಪಕ್ಕದ ಲೇನು ಖಾಲಿ ಬಿದ್ದಿರುತ್ತದೆ, ಅದರಲ್ಲಿ ಒಬ್ಬ ಬಂದು ಮುಂದೆ ತೂರಿದರೆ ಸಾಲಿನಲ್ಲಿದ್ದವರಿಗೆಲ್ಲ ಮೈ ಉರಿಯುತ್ತದೆ. ವಾಹನ ದಟ್ಟವಾಗಿ ತೆವಳುತ್ತಿರುವಾಗ ಎರಡೂ ಲೇನು ತುಂಬಿಸಿಕೊಂಡು ಬಂದು ಕೊನೆಯಲ್ಲಿ ಸೇರುವುದೇ ಸರಿ. ರಸ್ತೆ ಖಾಲಿಯಿದ್ದು ಎಲ್ಲರೂ ವೇಗವಾಗಿ ಓಡುತ್ತಿದ್ದರೆ ಮಾತ್ರ ದೂರದಿಂದಲೇ ಸೇರಿಬಿಡು.

• ಒಬ್ಬರಿಗೆ ಜಾಗ ಬಿಡು, ಒಬ್ಬರಿಗೇ ಬಿಡು. ಅವರ ಬಾಲ ಹಿಡಿದು ಇನ್ನಿಬ್ಬರು ಬಂದರೆ ಮುಂದಕ್ಕೆ ಹೋಗು, ನಿನ್ನ ಹಿಂದಿನವರಿಗೂ ಮನೆ ಇದೆ.

• "ಗ್ಯಾಪ್ ಬಿಟ್ಟರೆ ಇನ್ನೊಬ್ಬ ತೂರುತ್ತಾನೆ ಮಾವ" ಅಂತ ನೀನು ಹೇಳುತ್ತೀಯ. ತೂರಲಿ. ಲೆಕ್ಕ ಹಾಕಿ ನೋಡು: ಒಂದು ಗಾಡಿ ಮುಂದೆ ಬಂದರೆ ನಿನಗೆ ಆಗುವ ನಷ್ಟ ಎರಡು ಸೆಕೆಂಡು. ಕೆಂಗೇರಿಯಿಂದ ಮೈಸೂರಿನವರೆಗೆ ಇಪ್ಪತ್ತು ಜನ ನಿನ್ನ ಮುಂದೆ ಬಂದರೂ ಒಂದು ನಿಮಿಷ ತುಂಬುವುದಿಲ್ಲ. ಮುಂದಿನ ಗಾಡಿಯಿಂದ ಕನಿಷ್ಠ ಎರಡು ಸೆಕೆಂಡು, ಮಳೆಯಲ್ಲಿ ನಾಲ್ಕು ಸೆಕೆಂಡು ಅಂತರ ಇಟ್ಟುಕೋ. ಮುಂದಿನ ಕಾರು ಒಂದು ಕಂಬ ದಾಟಿದಾಗ ಎಣಿಸಲು ಶುರು ಮಾಡು, ನೀನು ಆ ಕಂಬ ದಾಟುವ ಹೊತ್ತಿಗೆ ಎಷ್ಟಾಯಿತು ಎಂಬುದೇ ಅಳತೆ. ಯಾರಾದರೂ ತೂರಿಕೊಂಡರೆ ಮತ್ತೆ ಕಾಲು ಎತ್ತಿ ಹೊಸ ಅಂತರ ಮಾಡಿಕೋ.

• ಟೋಲ್ ದಾಟಿದ ಕೂಡಲೇ ರೇಸ್ ಬೇಡ. ಕಣಿಮಿಣಿಕೆಯಾಗಲಿ ಗಣಂಗೂರಾಗಲಿ, ಟೋಲಿನಲ್ಲಿ ಹಲವು ಸಾಲಾಗಿ ಹರಡಿದವರು ಸ್ವಲ್ಪ ದೂರದಲ್ಲೇ ಮತ್ತೆ ಮೂರು ಲೇನಿಗೆ ಕುಗ್ಗಬೇಕು. ಗೇಟು ಎದ್ದ ತಕ್ಷಣ ಎಲ್ಲರೂ ಆಕ್ಸಿಲರೇಟರ್ ಒತ್ತುತ್ತಾರೆ, ಗೆರೆ ಶುರುವಾಗುವ ಜಾಗಕ್ಕೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ನೀನು ಅರೆಗಳಿಗೆ ತಡೆದು ಹೊರಡು. ಟೋಲಿಗೆ ಬರುವಾಗಲೂ ದೂರದಲ್ಲೇ ಒಂದು ಸಾಲು ಆರಿಸಿಕೊಂಡು ಅದರಲ್ಲೇ ಇರು. ಪಕ್ಕದ ಸಾಲು ಎರಡು ಗಾಡಿ ಬೇಗ ಹೋಯಿತೆಂದು ಮೂತಿ ತಿರುಗಿಸಿದವರು ಎರಡೂ ಸಾಲನ್ನು ಕಟ್ಟಿಹಾಕುತ್ತಾರೆ.

• ಇಳಿಯುವ ದಾರಿ ತಪ್ಪಿತೇ? ತಪ್ಪಿತು, ಮುಂದಕ್ಕೆ ಹೋಗು. ಹೆದ್ದಾರಿಯಲ್ಲಿ ನಿಲ್ಲಿಸಿ ರಿವರ್ಸ್ ಬರುವವರನ್ನು, ಕೊನೇ ಗಳಿಗೆಯಲ್ಲಿ ಬಲ ಲೇನಿನಿಂದ ಅಡ್ಡಡ್ಡ ಎಡಕ್ಕೆ ಎಳೆಯುವವರನ್ನು ಕಂಡರೆ ನನಗೆ ಈಗಲೂ ಕೈ ನಡುಗುತ್ತದೆ.

• ಬಲ ಲೇನು ಓವರ್‌ಟೇಕ್ ಮಾಡಲಿಕ್ಕೆ, ಮುಗಿದ ಮೇಲೆ ಎಡಕ್ಕೆ ಬಾ. ಬಲ ಲೇನಿನಲ್ಲಿ 80ರಲ್ಲಿ ಹಾಡು ಕೇಳುತ್ತಾ ಹೋಗುವ ಕಾರಿನವರು, ಬಲ ಬಿಟ್ಟು ಕದಲದ ಲಾರಿಯವರು ನಿನಗೆ ಸಿಗುತ್ತಲೇ ಇರುತ್ತಾರೆ. ಲಾರಿಯವರ ಕಡೆಯಿಂದ ಒಂದು ಮಾತು ಹೇಳಬೇಕು. ಹಳೆಯ ಹೆದ್ದಾರಿಗಳಲ್ಲಿ ಎಡ ಲೇನು ತುಂಬ ನಿಲ್ಲಿಸಿದ ಗಾಡಿ, ಎದುರು ಬರುವ ಬೈಕು, ಗುಂಡಿ, ದನ. ಬಲಕ್ಕೆ ಹೋಗಿ ಅಭ್ಯಾಸವಾದವರು ರಸ್ತೆ ಒಳ್ಳೆಯದಾದರೂ ಅಭ್ಯಾಸ ಬಿಡುವುದಿಲ್ಲ. ಒಮ್ಮೆ ಲೈಟ್ ಹೊಡೆದು ಕಾಯಿ. ಸರಿಯದಿದ್ದರೆ ಎಡಗಡೆಯಿಂದ ದಾಟಬೇಕಾದೀತು. ಆದರೆ ನೀನು ಎಡಕ್ಕೆ ಬಂದ ಕ್ಷಣವೇ ಅವನಿಗೂ ಬುದ್ಧಿ ಬಂದು ಎಡಕ್ಕೆ ಸರಿಯಬಹುದು. ಅವನ ಮುಂದಿನ ಚಕ್ರ ನೋಡುತ್ತಾ ದಾಟು. ಗಾಡಿಗಿಂತ ಮೊದಲು ಹೊರಳುವುದು ಚಕ್ರ.

• ನಿನ್ನನ್ನು ಯಾರಾದರೂ ಓವರ್‌ಟೇಕ್ ಮಾಡುತ್ತಿರುವಾಗ ಸ್ಪೀಡ್ ಏರಿಸಬಾರದು. ಇದು ಕಾನೂನು. "ಹೆಂಗಸಿನ ಕಾರು ನನ್ನನ್ನು ಹಿಂದೆ ಹಾಕುವುದೇ" ಅಂತ ಪೈಪೋಟಿಗೆ ಬೀಳುವ ಗಂಡಸರು ನಿನಗೆ ಸಿಗುತ್ತಾರೆ. ಹಿಂದಕ್ಕೆ ಬಂದುಬಿಡು, ಅವರ ಜೊತೆ ನಿನಗೇನು ಕೆಲಸ?

• ಲೈಟಿನ ಭಾಷೆ ನಮ್ಮಲ್ಲಿ ಕಲಸುಮೇಲೋಗರ. ಎದುರಿನವನು ಹೆಡ್‌ಲೈಟ್ ಮಿನುಗಿಸಿದರೆ ಬ್ರಿಟನ್ನಿನಲ್ಲಿ "ನೀವು ಹೋಗಿ" ಅಂತ ಅರ್ಥ ಮಾಡಿಕೊಳ್ಳುವವರೇ ಹೆಚ್ಚು. ಇಲ್ಲಿ ಅದು "ನಾನು ಬಂದೆ, ನಿಲ್ಲು". ಹೊರದೇಶದಲ್ಲಿ ಓಡಿಸಿ ಬಂದ ನಿನ್ನ ಸ್ನೇಹಿತರಿಗೆ ಇದನ್ನು ಹೇಳು. ಮುಂದಿನ ಲಾರಿ ಬಲ ಇಂಡಿಕೇಟರ್ ಹಾಕಿದರೆ "ಓವರ್‌ಟೇಕ್ ಮಾಡು" ಎಂದೂ ಇರಬಹುದು, "ನಾನು ಬಲಕ್ಕೆ ತಿರುಗುತ್ತೇನೆ" ಎಂದೂ ಇರಬಹುದು. ನಂಬಿ ಹೋಗಬೇಡ, ನಿನ್ನ ಕಣ್ಣಿಗೆ ರಸ್ತೆ ಕಂಡರೆ ಮಾತ್ರ ಹೋಗು. ಇನ್ನು ಕೂಡುರಸ್ತೆಯಲ್ಲಿ ನೇರ ಹೋಗುತ್ತೇನೆ ಎಂದು ತೋರಿಸಲು ನಾಲ್ಕೂ ಇಂಡಿಕೇಟರ್ ಹಾಕುವ ಚಾಳಿ. ಪಕ್ಕದಲ್ಲಿರುವವನಿಗೆ ಅವುಗಳಲ್ಲಿ ಒಂದು ಬದಿ ಮಾತ್ರ ಕಾಣುವುದು; ನೀನು ಅವನ ಕಡೆಗೇ ತಿರುಗುತ್ತೀಯ ಎಂದುಕೊಳ್ಳುತ್ತಾನೆ. ನೇರ ಹೋಗುವುದಕ್ಕೆ ಯಾವ ಲೈಟೂ ಬೇಡ. ನಾಲ್ಕೂ ಲೈಟು ಗಾಡಿ ಕೆಟ್ಟು ನಿಂತಾಗ, ಮುಂದೆ ಹಠಾತ್ತನೆ ಸಾಲು ನಿಂತಾಗ.

• ನಮ್ಮ ಕೆಂಪು ಬಸ್ಸಿನ ಪರವಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಹೊಟ್ಟೆಗೆ ಹಾಕಿಕೋ. ಡ್ರೈವರ್ ಕೂರುವುದು ಬಲಗಡೆ, ಎತ್ತರದಲ್ಲಿ. ಬಸ್ಸಿನ ಎಡ ಮುಂದಿನ ಮೂಲೆಯ ಕೆಳಗೆ ಸ್ಕೂಟರ್ ಬಂದರೆ ಅವನಿಗೆ ಕಾಣುವುದೇ ಕಷ್ಟ. ಸಣ್ಣ ಕಾರೂ ಅರ್ಧ ಮುಚ್ಚಿಹೋಗುತ್ತದೆ. ಬಸ್ಸಿನ ಪಕ್ಕದ ಕನ್ನಡಿಯಲ್ಲಿ ನಿನಗೆ ಡ್ರೈವರನ ಮುಖ ಕಾಣದಿದ್ದರೆ ಅವನಿಗೂ ನೀನು ಕಾಣುತ್ತಿಲ್ಲ. ಎಡಕ್ಕೆ ತಿರುಗಬೇಕಾದರೆ ಬಸ್ಸನ್ನು ಮೊದಲು ಬಲಕ್ಕೆ ಎಳೆದುಕೊಳ್ಳಬೇಕು. ಹಿಂದಿನ ಚಕ್ರಗಳು ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಮೈಗೆ ಕತ್ತರಿಸಿಕೊಂಡು ಬರುತ್ತವೆ. ಎಡಕ್ಕೆ ಜಾಗ ಬಿಟ್ಟಿದ್ದಾನೆ ಅಂತ ಅಲ್ಲಿಗೆ ನುಗ್ಗಿದವರು ಕಟ್ಟೆಗೂ ಬಸ್ಸಿನ ಹೊಟ್ಟೆಗೂ ನಡುವೆ ಸಿಕ್ಕಿಬೀಳುತ್ತಾರೆ. ಅದೇ ಹೊತ್ತಿಗೆ ಬಸ್ಸಿನ ಹಿಂಭಾಗ ಬಲಕ್ಕೆ ಬೀಸುತ್ತದೆ. ಆ ಕಡೆಯೂ ಅಂಟಿಕೊಂಡು ನಿಲ್ಲಬೇಡ.

ಸ್ಟಾಪಿನಿಂದ ಬಸ್ಸು ಹೊರಡುವಾಗ ಬಲ ಇಂಡಿಕೇಟರ್ ಹಾಕಿ ಮೂತಿ ಹೊರಹಾಕುತ್ತದೆ. ಹಿಂದೆ ಬರುವ ಇಪ್ಪತ್ತು ಗಾಡಿಗಳಲ್ಲಿ ಒಬ್ಬರೂ ಬಿಡದಿದ್ದಾಗಲೇ ಡ್ರೈವರ್ ಬಲವಂತವಾಗಿ ಹೊರಳುವುದು. ಆಮೇಲೆ ಬೈಗುಳವೆಲ್ಲ ಅವನಿಗೆ. ಆತನ ಹಿಂದೆ ಬಸ್ಸು ತುಂಬ ಜನ ಕೂತಿರುತ್ತಾರೆ, ನಿಂತವರೂ ಇರುತ್ತಾರೆ, ಅವರಲ್ಲಿ ಬಸುರಿಯರು, ಮುದುಕರು. ಜೋರು ಬ್ರೇಕ್ ಹಾಕಿದರೆ ಬೀಳುವವರು ಅವರು. ನೀನು ಆ ಇಪ್ಪತ್ತರಲ್ಲಿ ಬಿಡುವ ಒಬ್ಬಳಾಗು. ಹಾಗೆಯೇ ಬಸ್ಸಿನ ಮುಂದಕ್ಕೆ ಬಂದು ಸೇರಿದ ತಕ್ಷಣ ಬ್ರೇಕ್ ತುಳಿಯುವ ಕೆಲಸ ಎಂದೂ ಮಾಡಬೇಡ. ಗಂಟೆಗೆ 60 ಕಿ.ಮೀ. ವೇಗದಲ್ಲಿ, ಕಂಡು ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಬಸ್ಸು ಹದಿನಾರು ಹದಿನೇಳು ಮೀಟರ್ ಮುಂದೆ ಬಂದಿರುತ್ತದೆ.

• ಘಾಟಿಗೆ ಹೋದಾಗ, ಚಾರ್ಮಾಡಿಯಾಗಲಿ ಆಗುಂಬೆಯಾಗಲಿ, ಇಕ್ಕಟ್ಟಾದ ಕಡೆ ಇಳಿಯುವವರು ನಿಂತು ಏರುವವರಿಗೆ ಬಿಡಬೇಕು. ಭಾರ ಹೊತ್ತ ಗಾಡಿ ಏರಿನಲ್ಲಿ ನಿಂತುಬಿಟ್ಟರೆ ಮತ್ತೆ ಎತ್ತುವುದು ಕಷ್ಟ, ಹಿಂದಕ್ಕೆ ಜಾರುವ ಭಯ ಬೇರೆ. ತಿರುವಿನಲ್ಲಿ ಹಾರ್ನ್ ಹೊಡೆಯುವುದು ಅಲ್ಲಿ ಮರ್ಯಾದೆಯೇ.

• ಆಂಬುಲೆನ್ಸ್, ಅಗ್ನಿಶಾಮಕದ ಗಾಡಿ ಬಂದರೆ ಎಡಕ್ಕೆ ಸರಿದು ಜಾಗ ಬಿಡು. ಬಿಡದಿದ್ದರೆ, ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿಯಲ್ಲಿ ಬಂದ 194ಇ ಕಲಮಿನಲ್ಲಿ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಇವೆ. ಗಾಬರಿಯಾಗಿ ನಿಂತಲ್ಲೇ ನಿಲ್ಲಬೇಡ, ತಟ್ಟನೆ ಬಲಕ್ಕೂ ಎಳೆಯಬೇಡ. ಅದು ದಾಟಿದ ಮೇಲೆ ಅದರ ಬೆನ್ನಿಗೆ ಅಂಟಿಕೊಂಡು ಹೋಗುವವರಿದ್ದಾರಲ್ಲ, ಅವರ ಬಗ್ಗೆ ಬರೆದರೆ ನನ್ನ ಬಾಯಿ ಕೆಡುತ್ತದೆ.

• ಕಬ್ಬಿನ ಕಾಲದಲ್ಲಿ ಮಂಡ್ಯದ ಸುತ್ತಮುತ್ತ ಸರ್ವೀಸ್ ರಸ್ತೆ, ಹಳ್ಳಿ ರಸ್ತೆಗಳಲ್ಲಿ ರಾತ್ರಿ ಹುಷಾರು. ಟ್ರೈಲರಿಗೆ ಹಿಂದೆ ಲೈಟು ಇಲ್ಲದಿರುವುದೇ ಹೆಚ್ಚು, ಕಬ್ಬು ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಟ್ರ್ಯಾಕ್ಟರ್ ಡಿವೈಡರ್ ಸಂದಿನಲ್ಲಿ ತಿರುಗುತ್ತಿದ್ದರೆ ನಿನ್ನ ಹಕ್ಕನ್ನು ಹತ್ತಿರದ ಕಂಬಕ್ಕೆ ಕಟ್ಟಿ ನಿಲ್ಲು. ಟ್ರೈಲರಿನ ಬಾಲ ಪೂರ್ತಿ ಹೋಗಲಿ.

• ಯಾರಾದರೂ ಜಾಗ ಬಿಟ್ಟರೆ ಕೈ ಎತ್ತು. ಕಿಟಕಿಯಿಂದ ಹೊರಗೆ ಚಾಚುವುದೇನೂ ಬೇಡ, ಹಿಂದಿನ ಗಾಜಿನಲ್ಲಿ ಅಂಗೈ ಕಂಡರೆ ಸಾಕು. ತಪ್ಪಾಗಿ ನುಗ್ಗಿದರೂ ಕೈ ಎತ್ತು, ಬೈಯಲು ಬಾಯಿ ತೆರೆದವನು ಅರ್ಧಕ್ಕೆ ನಿಲ್ಲಿಸುತ್ತಾನೆ.

• ಮುಂದಿನ ಭಾನುವಾರ ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಶ್ರೀರಂಗಪಟ್ಟಣದವರೆಗೆ ಹೋಗಿ ಬಾ. ಬೆಳಿಗ್ಗೆ ಆರಕ್ಕೆ ಹೊರಟರೆ ರಸ್ತೆ ಖಾಲಿ ಇರುತ್ತದೆ. ಸೇರುವ ದಾರಿಗಳಲ್ಲಿ ನಾಲ್ಕು ಸಲ ಹತ್ತಿ ಇಳಿದು ನೋಡೋಣ. ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ ಅಂತ ನಿನ್ನಮ್ಮನಿಗೆ ಮಾತು ಕೊಟ್ಟಿದ್ದೇನೆ. ನಿನ್ನ ಕಾಲು ಬ್ರೇಕಿನ ಮೇಲೆ ಸುಮ್ಮಸುಮ್ಮನೆ ಹೋದರೆ ಮಾತ್ರ ಹೇಳುತ್ತೇನೆ.